ವೈಯಕ್ತಿಕ ಕಾರಣಗಳಿಂದ

ಬಾಸೆಲ್ ಊರು ತಲುಪಲು ಇನ್ನು ಒಂಬೈನೂರು ಹೆಜ್ಜೆ ಉಳಿದಿದ್ದಾಗ ಯಾರೋ ನೆಲಕ್ಕೆ ಚೆಲ್ಲಿದ್ದ ತೀರ್ಥ ಮೈಥಿಲಿಯ ಕಾಲುಚೀಲಕ್ಕೆ ತಾಗಿತು. ಅವಳು ನಿಲ್ಲಲಿಲ್ಲ. ಒದ್ದೆ ಕಾಲಲ್ಲೇ ನವಗ್ರಹಗಳನ್ನು ದಾಟಿ, ಗರ್ಭಗುಡಿಯ ಬೆನ್ನಿಗೆ ಬಂದು, ಅಲ್ಲಿದ್ದ ಕಂದು ಬಾಗಿಲಿನ ಮುಂದೆ ಹಾದು ಮತ್ತೆ ಬಲಕ್ಕೆ ತಿರುಗಿದಳು. ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು: ‘ಅರ್ಚಕರಾದ ಶ್ರೀ ಕೃಷ್ಣಪ್ರಸಾದ ಭಟ್ಟರು ವೈಯಕ್ತಿಕ ಕಾರಣಗಳಿಂದ ಹತ್ತು ದಿನ ಲಭ್ಯರಿಲ್ಲ. ಇಂತಿ, ಆಡಳಿತ ಸಮಿತಿ.’ ಉಡುಪಿಯಲ್ಲಿ ಭಟ್ಟರ ತಂದೆ ತೀರಿಕೊಂಡಿದ್ದರು. ಊರಿಗೆ ಹೋಗಿದ್ದಾರೆ ಎಂದು ಎಲ್ಲರೂ ತಿಳಿದಿದ್ದರು. ಅವರ ಬದಲಿಗೆ ಮೇರಿಲ್ಯಾಂಡ್ ಕಡೆಯಿಂದ ಬಂದಿದ್ದ ಇನ್ನೊಬ್ಬ ಅರ್ಚಕರು ಮಂಗಳಾರತಿಯ ನಡುವೆ ಮೂರು ಸಲ ಫೋನು ನೋಡುತ್ತಿದ್ದರು.

ಅಮೆರಿಕದ ವರ್ಜೀನಿಯಾದ ಈ ಫೇರ್‌ಫ್ಯಾಕ್ಸ್‌ನಲ್ಲಿ ಜನವರಿಯ ಸಂಜೆ ಹೊರಗೆ ನಡೆಯುವುದೆಂದರೆ ಮೂಗು ಕಳೆದುಕೊಂಡಂತೆ. ಜಿಮ್ಮಿಗೆ ದುಡ್ಡು ಸುರಿಯುವ ಬದಲು ದೇವಸ್ಥಾನದ ಬಿಸಿ ಹಜಾರದಲ್ಲಿ ಸುತ್ತು ಬರುವ ಹೆಂಗಸರು ನಾಲ್ಕಾರು ಮಂದಿ ಇದ್ದರು. ಒಬ್ಬಳು ಸಕ್ಕರೆ ಕಾಯಿಲೆಗೆ ಸುತ್ತಿದರೆ ಇನ್ನೊಬ್ಬಳು ಮಗನ ಕಾಲೇಜು ಸೀಟಿಗೆ ಸುತ್ತುತ್ತಿದ್ದಳು. ಮೈಥಿಲಿ ಸುತ್ತುತ್ತಿದ್ದದ್ದು ಸ್ವಿಟ್ಜರ್ಲೆಂಡಿಗೆ.

ಅದು ಅವಳ ಕಂಪನಿಯ ಆರೋಗ್ಯ ಸ್ಪರ್ಧೆ. ನೂರಾ ಮೂವತ್ತು ಜನರ ಕೈಗೂ ಒಂದೊಂದು ವಾಚು ಕಟ್ಟಿದ್ದರು. ಹೆಜ್ಜೆ ಇಟ್ಟಷ್ಟೂ ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕೆ ಮುಂದೆ ಸರಿಯುತ್ತದೆ. ಬರ್ನ್ ನಗರದಿಂದ ಹೊರಟು ಆರೆ ನದಿಯ ಗುಂಟ, ಆಮೇಲೆ ರೈನ್ ನದಿಯ ಗುಂಟ, ಹಳೆಯ ಊರುಗಳನ್ನು ಒಂದೊಂದಾಗಿ ಹಾದು ಬಾಸೆಲ್ ಸೇರಬೇಕು. ಊರು ಬಂದಾಗಲೆಲ್ಲ ವಾಚು ನಡುಗಿ ಫೋನಿಗೆ ಚಿತ್ರಗಳು ಬರುತ್ತಿದ್ದವು. ಮಾಡಿನ ಕೆಳಗೆ ಬಣ್ಣದ ಚಿತ್ತಾರ ಬರೆದ ಆರೌ ಊರಿನ ಮನೆಗಳು, ಸೊಲೊತುರ್ನ್‌ನ ಗಡಿಯಾರದ ಗೋಪುರ, ಕಲ್ಲುಹಾಸಿನ ಇಳಿಜಾರು ಬೀದಿಯ ತುದಿಯಲ್ಲಿ ಹಸಿರು ನೀರು. ಮೊದಲು ತಲುಪಿದವರಿಗೆ ನಿಜವಾದ ಪ್ರವಾಸ, ಇಬ್ಬರಿಗೆ, ಒಂದು ವಾರ. ಅದೇ ದಾರಿಯಲ್ಲಿ, ಅದೇ ಊರುಗಳಲ್ಲಿ.

ಬಹುಮಾನದ ವಿಷಯ ಮೈಥಿಲಿ ಯೋಚಿಸಿರಲಿಲ್ಲ. ಲಾಫೆನ್‌ಬುರ್ಗ್ ಎಂಬ ಊರಿನ ಒಂದು ಚಿತ್ರ ಅವಳನ್ನು ಹಿಡಿದು ನಡೆಸಿತ್ತು. ನದಿಯ ಈ ದಡ ಒಂದು ದೇಶ, ಆ ದಡ ಇನ್ನೊಂದು. ನಡುವೆ ಹಳೆಯದೊಂದು ಸೇತುವೆ. ಸೇತುವೆಯ ಮೇಲೆ ಒಬ್ಬ ಮುದುಕಿ, ಕೈಚೀಲದಿಂದ ಇಣುಕುವ ಈರುಳ್ಳಿ ಹೂವಿನ ಕಟ್ಟು. ಗೇಟಿಲ್ಲ, ಪೊಲೀಸರಿಲ್ಲ. ಮುದುಕಿ ಒಂದು ದೇಶದಲ್ಲಿ ತರಕಾರಿ ಕೊಂಡು ಇನ್ನೊಂದು ದೇಶಕ್ಕೆ ಅಡುಗೆ ಮಾಡಲು ಹೊರಟಿದ್ದಾಳೆ. ಮೈಥಿಲಿ ಆ ಚಿತ್ರವನ್ನು ದಿನಕ್ಕೆ ಹತ್ತು ಸಲವಾದರೂ ತೆಗೆದು ನೋಡುತ್ತಿದ್ದಳು.

ವಾಚು ಉದ್ದಕ್ಕೆ ನಡುಗಿತು. ಬಾಸೆಲ್.

ಚಪ್ಪಲಿ ಬಿಡುವಲ್ಲಿ ಕಾಯುತ್ತಿದ್ದ ಗಂಡ ಅವಿನಾಶ್ ಪಟಾಕಿ ಹಚ್ಚಿದವನಂತೆ ಕುಣಿದ. ಅವಳ ಬೆವರಿದ ಮುಖ, ವಾಚು, ಹಿಂದೆ ನವಗ್ರಹ, ಎಲ್ಲ ಸೇರಿಸಿ ಫೋಟೊ ತೆಗೆದು ಕನ್ನಡ ಕೂಟದ ಗುಂಪಿಗೆ ಹಾಕಿಯೂ ಬಿಟ್ಟ. ಮನೆಯ ದಾರಿ ಹಿಡಿಯುವಷ್ಟರಲ್ಲಿ ಎಂಬತ್ತು ಮೆಸೇಜು. ಮಂಗಳೂರಿನ ಚಂದ್ರಾವತಿ ಆಂಟಿ ಧ್ವನಿ ಸಂದೇಶವನ್ನೇ ಕಳಿಸಿದ್ದರು: "ಕಂಗ್ರಾಟ್ಸ್ ಮಾರಾಯ್ತಿ! ಚಾಕ್ಲೇಟ್ ಎಲ್ಲ ಇಲ್ಲೇ ಸಿಗ್ತದೆ. ನಂಗೆ ಅಲ್ಲಿಯ ದನದ ಕುತ್ತಿಗೆಯ ಗಂಟೆ ಒಂದು ತಾ, ಆಯ್ತಾ?"

"ಅವಿ, ಏನಂತ ಹಾಕಿದೀಯ ನೀನು?" ಎಂದಳು ಮೈಥಿಲಿ.

"ಗೆದ್ದಳು ಅಂತ ಹಾಕ್ದೆ. ಹೋಗ್ತಾಳೆ ಅಂತ ಎಲ್ಲಿ ಹಾಕ್ದೆ?"

ಕಾರಿನ ಹಿಂದಿನ ಸೀಟಿನಿಂದ ಹನ್ನೆರಡು ವರ್ಷದ ಮಗಳು ನಿಧಿ ತಲೆ ತೂರಿಸಿದಳು. ಹುಟ್ಟಿದ್ದು ಇಲ್ಲೇ, ಅಮೆರಿಕದ ಪ್ರಜೆ. "ಅಮ್ಮಾ, ನಂದು ಬ್ಲೂ ಪಾಸ್‌ಪೋರ್ಟ್. ಸೋ ಐ ಕ್ಯಾನ್ ಗೋ, ರೈಟ್? ನೀನು ಯಾಕೆ ಬರಲ್ಲ?"

ಅವಿನಾಶ್ ಬ್ರೇಕು ಒತ್ತಿದ. ಮುಂದಿದ್ದ ಕಾರುಗಳ ಕೆಂಪು ದೀಪಗಳು ಒಂದು ಮೈಲಿ ಉದ್ದಕ್ಕೂ ಹೊತ್ತಿಕೊಂಡು ನಿಂತಿದ್ದವು.

ಯಾಕೆ ಬರುವುದಿಲ್ಲ ಎಂಬುದನ್ನು ಮಗುವಿಗೆ ಹೇಳುವುದು ಕಷ್ಟ. ದೊಡ್ಡವರಿಗೆ ಹೇಳಿದರೆ ನಂಬುವುದಿಲ್ಲ. ಇಲ್ಲಿದ್ದು ದುಡಿಯಲು ಕಂಪನಿ ಕೊಡಿಸುವ ಒಂದು ಕಾಗದ ಸಾಕು. ಆದರೆ ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬರಲು ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆ ಬೇಕು. ಅದನ್ನು ಈ ನೆಲದ ಮೇಲೆ ಕೊಡುವುದಿಲ್ಲ. ಭಾರತಕ್ಕೆ ಹೋಗಿ ಅಮೆರಿಕದ ಕಾನ್ಸುಲೇಟಿನ ಮುಂದೆ ಸರದಿ ನಿಲ್ಲಬೇಕು. ಮೈಥಿಲಿಯ ಮುದ್ರೆ ಮುಗಿದು ಏಳು ವರ್ಷವಾಗಿತ್ತು. ಏಳು ವರ್ಷದಲ್ಲಿ ತಮ್ಮನ ಮದುವೆಯನ್ನು ಫೋನಿನಲ್ಲಿ ನೋಡಿದಳು, ಅವನ ಮಗನ ನಾಮಕರಣವನ್ನೂ. ಅವಳ ಪಕ್ಕದ ಮೇಜಿನ ಸಿದ್ಧಲಿಂಗೇಶ್ ಡಿಸೆಂಬರಿನ ಮೊದಲಲ್ಲೇ ಮುದ್ರೆ ಹಾಕಿಸಿಕೊಂಡು ಬರುತ್ತೇನೆಂದು ದಾವಣಗೆರೆಗೆ ಹೋದ. ಸಂದರ್ಶನದ ದಿನವನ್ನು ನಾಲ್ಕು ತಿಂಗಳು ಮುಂದೆ ಹಾಕಿದರು. ಕಂಪನಿ ಆರು ವಾರ ಕಾಯಿತು, ಏಳನೇ ವಾರ ಎಲ್ಲರಿಗೂ ಒಂದು ಮೇಲ್ ಬಂತು: ‘ಸಿದ್ಧಲಿಂಗೇಶ್ ವೈಯಕ್ತಿಕ ಕಾರಣಗಳಿಂದ ನಮ್ಮನ್ನು ಬಿಟ್ಟಿದ್ದಾರೆ.’ ಅವನು ಮೇಜಿನ ಮೇಲೆ ಬಿಟ್ಟುಹೋಗಿದ್ದ ಚಟ್ನಿಪುಡಿ ಡಬ್ಬಿಯನ್ನು ಮೈಥಿಲಿ ಮನೆಗೆ ತಂದು ಇಟ್ಟುಕೊಂಡಿದ್ದಳು. ಮುಚ್ಚಳ ತೆಗೆದಿರಲಿಲ್ಲ.

ಸೋಮವಾರ ಎಚ್‌ಆರ್‌ನ ಡೆಬ್ರಾ ಕರೆ ಮಾಡಿದಳು. ಧ್ವನಿಯಲ್ಲಿ ಜೇನು. ಬಹುಮಾನ ತೆಗೆದುಕೊಳ್ಳಲು ಆಗುವುದಿಲ್ಲವೆಂದು ನೀನು ಬರೆದದ್ದು ನೋಡಿ ಬಹಳ ಬೇಜಾರಾಯಿತು, ಎರಡನೆಯವನಾದ ಗ್ರೆಗ್‌ಗೆ ಅದನ್ನು ಬಿಟ್ಟುಕೊಡುವ ಒಂದು ಪುಟದ ಫಾರಂ ಕಳಿಸಿದ್ದೇನೆ, ಸಹಿ ಮಾಡಿದರೆ ಸಾಕು, ಶುಕ್ರವಾರ ಎಲ್ಲರಿಗೂ ಮೇಲ್ ಹೋಗುತ್ತದೆ. ಆಮೇಲೆ ಒಂದು ಫೋಟೊ. ಗೋಡೆಗೆ ಹಾಕುವ ಪೋಸ್ಟರಿಗೆ ಮೈಥಿಲಿಯ ನಗುಮುಖ ಬೇಕು, ಕೈಯಲ್ಲಿ ರಟ್ಟಿನ ಸೂಟ್‌ಕೇಸು.

ಮೈಥಿಲಿ ಫಾರಂ ತೆರೆದು ನೋಡಿದಳು. ‘ಕಾರಣ’ ಎಂಬ ಕಡೆ ಡೆಬ್ರಾ ತಾನೇ ತುಂಬಿಟ್ಟಿದ್ದಳು: ವೈಯಕ್ತಿಕ.

"ಸೈನ್ ಮಾಡಿ ಬಿಸಾಕು ಅತ್ಲಾಗೆ," ಎಂದ ಅವಿನಾಶ್. ಒಲೆಯ ಮೇಲೆ ಅವನ ಉಪ್ಪಿಟ್ಟು ತಳ ಹಿಡಿಯುತ್ತಿತ್ತು. "ಜೂನ್‌ಗೆ ನಿನ್ನ ಪೇಪರ್ ಎಕ್ಸ್‌ಪೈರ್ ಆಗುತ್ತೆ. ಎಕ್ಸ್‌ಟೆನ್ಷನ್ ಫೈಲ್ ಮಾಡ್ಬೇಕಾದವ್ರು ಅವ್ರೇ. ನಿನ್ನ ಪೇಪರ್ ಹೋದ್ರೆ ನನ್ನ ವರ್ಕ್ ಪರ್ಮಿಟ್ಟೂ ಹೋಯ್ತು, ಮನೇನೂ ಹೋಯ್ತು. ನಿಧಿ ಸ್ಕೂಲು..."

"ನವೆಂಬರ್‌ನಿಂದ ಅವ್ರ ಲಾಯರ್ ಹತ್ರ ಕೊಳೀತಾ ಇದೆ ಅವಿ. ನನ್ನ ಮ್ಯಾನೇಜರ್ ಒಂದು ಸಹಿ ಹಾಕಿಲ್ಲ. ಮೂರು ಸಲ ಕೇಳ್ದೆ."

"ಅದಕ್ಕೇ ಹೇಳ್ತಿರೋದು. ಈಗ ಅವ್ರನ್ನ ಕೆಣಕ್ಬೇಡ. ಪರ್ಸನಲ್ ಅಂತಾನೇ ಇರ್ಲಿ ಬಿಡು, ಏನು ಗಂಟು ಹೋಗುತ್ತೆ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೂ ಮೈಥಿಲಿ ಸಹಿ ಮಾಡಲಿಲ್ಲ. ಮೂರು ದಿನ ಆ ಫಾರಂ ಫೋನಿನಲ್ಲೇ ಇತ್ತು. ಗುರುವಾರ ಸಂಜೆ, ನಾಳೆ ಬೆಳಿಗ್ಗೆ ಸಹಿ ಮಾಡಿಬಿಡೋಣ ಎಂದುಕೊಂಡು ದೇವಸ್ಥಾನಕ್ಕೆ ಹೋದಳು. ಸ್ಪರ್ಧೆ ಮುಗಿದಿದ್ದರೂ ಕಾಲಿಗೆ ಅಭ್ಯಾಸವಾಗಿತ್ತು.

ಕಂದು ಬಾಗಿಲ ಮೇಲಿನ ಹಾಳೆ ಹೋಗಿತ್ತು. ಕೃಷ್ಣಪ್ರಸಾದ ಭಟ್ಟರು ತಲೆ ಬೋಳಿಸಿಕೊಂಡು, ಇನ್ನಷ್ಟು ಸಣ್ಣಗಾಗಿ ಕಾಣುತ್ತ, ತುಳಸಿ ಬಿಡಿಸುತ್ತಿದ್ದರು.

"ಊರಿಂದ ಯಾವಾಗ ಬಂದ್ರಿ ಭಟ್ರೇ? ತಂದೆಯವ್ರ ವಿಷಯ ಕೇಳಿ ತುಂಬಾ ಬೇಜಾರಾಯ್ತು. ಕೊನೆಗೆ ಮುಖ ನೋಡೋಕಾದ್ರೂ ಸಿಕ್ತಾ?"

ಭಟ್ಟರು ತುಳಸಿಯಿಂದ ಕಣ್ಣೆತ್ತಲಿಲ್ಲ. "ಎಲ್ಲರೂ ಅದೇ ಕೇಳ್ತಾರೆ. ಒಬ್ರು ಉಡುಪಿಯಿಂದ ಹಪ್ಪಳ ತಂದ್ರಾ ಅಂತ ಕೇಳಿದ್ರು. ಎಂತ ಊರು ಅಮ್ಮ? ನಾನು ಹೋಗ್ಲೇ ಇಲ್ಲ."

"ಹೋಗ್ಲಿಲ್ವಾ? ಮತ್ತೆ ಹತ್ತು ದಿನ..."

"ಇಲ್ಲೇ ಇದ್ದೆ. ಈ ಬಾಗಿಲಿನ ಒಳಗೆ, ನನ್ನ ಕೋಣೆಯಲ್ಲಿ." ಅವರು ಗದ್ದದಿಂದ ತೋರಿಸಿದರು. "ಸೂತಕ ಅಲ್ವಾ, ದೇವರ ಹತ್ರ ಬರ್ಲಿಕ್ಕಿಲ್ಲ. ನನ್ನ ವೀಸಾದ ಎಕ್ಸ್‌ಟೆನ್ಷನ್ ಪೆಂಡಿಂಗ್ ಉಂಟು, ಅಪ್ಪನ ಹತ್ರ ಹೋಗ್ಲಿಕ್ಕಿಲ್ಲ. ಹೋದ್ರೆ ವಾಪಸ್ ಬರ್ಲಿಕ್ಕೆ ಬಿಡ್ತಾರೋ ಇಲ್ವೋ ಗೊತ್ತಿಲ್ಲ. ಮತ್ತೆ ಎಲ್ಲಿ ಹೋಗುದು ಹೇಳಿ? ತಮ್ಮ ಬೆಂಕಿ ಕೊಟ್ಟ. ವಿಡಿಯೊದಲ್ಲಿ ನೋಡ್ತಿದ್ದೆ, ಮಧ್ಯದಲ್ಲಿ ನೆಟ್ ಹೋಯ್ತು."

ಮೈಥಿಲಿ ಬಾಗಿಲನ್ನು ನೋಡಿದಳು. ಸ್ಪರ್ಧೆ ಮುಗಿಯುವವರೆಗೆ ದಿನಕ್ಕೆ ನೂರು ಸಲ ಅದರ ಮುಂದೆ ಹಾದಿದ್ದಳು.

"ಆ ನೋಟಿಸ್‌ನಲ್ಲಿ ವೈಯಕ್ತಿಕ ಕಾರಣ ಅಂತ ಬರ್ದಿತ್ತಲ್ಲ?"

"ಅದು ಸಮಿತಿಯವ್ರು ಬರ್ದದ್ದು. ಸೂರ್ಯನಾರಾಯಣ ಅಂಕಲ್ ಒಳ್ಳೆ ಜನ, ಹಿಂದಿನ ಬಾಗಿಲಲ್ಲಿ ದಿನಾ ಊಟ ಇಟ್ಟು ಹೋಗ್ತಿದ್ರು. ಆದ್ರೆ ವೀಸಾ ಗೀಸಾ ಅಂತ ಬರೆದ್ರೆ ಭಕ್ತರಿಗೆ ಕಸಿವಿಸಿ ಅಂತೆ." ಭಟ್ಟರು ಒಂದು ಒಣ ಎಲೆಯನ್ನು ಆರಿಸಿ ಪಕ್ಕಕ್ಕಿಟ್ಟರು. "ನೀವು ಸುತ್ತು ಬರುದು ಕೇಳ್ತಿತ್ತು. ನಿಮ್ಮ ಎಡಗಾಲು ಸ್ವಲ್ಪ ಎಳೀತದೆ ಅಲ್ವಾ? ನನಗೆ ಬೇರೆ ಎಂತ ಕೆಲಸ, ಎಣಿಸ್ತಿದ್ದೆ. ಒಂದು ದಿನ ನೂರಾ ನಲ್ವತ್ತೊಂದು. ಇಷ್ಟು ದೊಡ್ಡ ಹರಕೆ ಎಂತದಪ್ಪ, ಮನೆಯಲ್ಲಿ ಯಾರಿಗೋ ಕಾಯಿಲೆ ಜೋರಿರ್ಬೇಕು ಅಂತ ನಾನೂ ಒಳಗಿಂದ ಕೈ ಮುಗಿದೆ."

"ಹರಕೆ ಅಲ್ಲ ಭಟ್ರೇ. ಸ್ವಿಟ್ಜರ್ಲೆಂಡ್."

ಎಲ್ಲ ಹೇಳಿದಳು. ಕೆಂಪು ಚುಕ್ಕೆ, ನದಿ, ಫಾರಂ. ಭಟ್ಟರು ಮೊದಲು ಬಾಯಿ ತೆರೆದು ನೋಡಿದರು, ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು. "ಸ್ವಿಟ್ಜರ್ಲೆಂಡಿಗೆ ಹೋಗ್ಲಿಕ್ಕೆ ದೇವರಿಗೆ ಸುತ್ತು ಬಂದದ್ದಾ! ಸುತ್ತು ಬಂದವ್ರು ಹೊರಟಲ್ಲಿಗೇ ಬರುದಲ್ವಾ ಅಮ್ಮ?" ನಗು ನಿಂತ ಮೇಲೆ ಅಂಗವಸ್ತ್ರದಿಂದ ಕಣ್ಣೊರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

ಆ ಸಂಜೆ ಮೈಥಿಲಿ ಒಂದು ಸುತ್ತೂ ಬರಲಿಲ್ಲ. ಕಾರಿನಲ್ಲಿ ಕೂತು ಫಾರಂ ತೆರೆದಳು. ಡೆಬ್ರಾ ತುಂಬಿದ್ದ ಪದವನ್ನು ಅಳಿಸಿ, ಕಾರಣದ ಕಡೆ ಬರೆದಳು: ‘ಇದು ವೈಯಕ್ತಿಕವಲ್ಲ. ಈ ದೇಶದಿಂದ ಹೊರಗೆ ಕಾಲಿಟ್ಟರೆ ನನ್ನ ಮನೆಗೆ, ನನ್ನ ಮಗಳ ಬಳಿಗೆ ವಾಪಸು ಬರಲು ಬಿಡುತ್ತಾರೆ ಎಂಬ ಖಾತ್ರಿ ನನಗಿಲ್ಲ. ಹದಿನಾಲ್ಕು ವರ್ಷದಿಂದ ಇಲ್ಲಿ ದುಡಿದು ತೆರಿಗೆ ಕಟ್ಟುತ್ತಿದ್ದೇನೆ. ಜೂನಿನ ನಂತರ ಇಲ್ಲಿರಲು ಬೇಕಾದ ಕಾಗದ ನವೆಂಬರಿನಿಂದ ಈ ಕಂಪನಿಯ ವಕೀಲರ ಬಳಿ ಒಂದು ಸಹಿಗೆ ಕಾಯುತ್ತಿದೆ. ಸಿದ್ಧಲಿಂಗೇಶ್ ಕೂಡ ನಮ್ಮನ್ನು ಬಿಟ್ಟು ಹೋಗಲಿಲ್ಲ. ಅವನನ್ನು ನಾವು ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡೆವು. ಗ್ರೆಗ್ ಸಂತೋಷವಾಗಿ ಹೋಗಿ ಬರಲಿ. ರಟ್ಟಿನ ಸೂಟ್‌ಕೇಸು ನಾನು ಹಿಡಿಯುವುದಿಲ್ಲ.’

ಸಹಿ ಮಾಡಿದಳು. ಡೆಬ್ರಾಗೆ ಕಳಿಸುವ ಮುಂಚೆ, ಸ್ಪರ್ಧೆಯಲ್ಲಿದ್ದ ನೂರಾ ಮೂವತ್ತು ಜನರ ವಿಳಾಸಪಟ್ಟಿಯನ್ನೂ ಸೇರಿಸಿದಳು. ಕಳಿಸುವ ಗುಂಡಿ ಒತ್ತಿದಳು.

ಅವಿನಾಶ್ ಅದನ್ನು ಆ ರಾತ್ರಿಯೇ ಓದಿದ. ಶನಿವಾರ ಸಂಜೆ ಹೇಳಿದ್ದು ಒಂದೇ ಮಾತು: "ನನ್ನನ್ನ ಒಂದ್ಸಲ ಕೇಳ್ಬೋದಿತ್ತು ನೀನು." ಮೈಥಿಲಿ ಊಟಕ್ಕೆ ಬಡಿಸುವಾಗ ಸಿದ್ಧಲಿಂಗೇಶನ ಡಬ್ಬಿಯ ಮುಚ್ಚಳ ತೆಗೆದು, ಇಬ್ಬರ ತಟ್ಟೆಗೂ ಒಂದೊಂದು ಚಮಚ ಚಟ್ನಿಪುಡಿ ಹಾಕಿದಳು. ಅವನು ತಟ್ಟೆ ಸರಿಸಲಿಲ್ಲ.

ಭಾನುವಾರ ಬೆಳಿಗ್ಗೆ ಬಿಸಿಲಿತ್ತು. ಮೈಥಿಲಿ ನಿಧಿಯನ್ನು ಕರೆದುಕೊಂಡು ಹತ್ತಿರದ ಅಲೆಕ್ಸಾಂಡ್ರಿಯಾ ನಗರದ ಹಳೆಯ ಊರಿಗೆ ಹೋದಳು. ಇಟ್ಟಿಗೆಯ ಪಾದಚಾರಿ ದಾರಿ, ಮರದ ಬೇರುಗಳು ಎತ್ತಿದ ಕಡೆಯೆಲ್ಲ ಉಬ್ಬಿಕೊಂಡಿತ್ತು. ಇನ್ನೂರು ವರ್ಷದ ಮನೆಗಳ ಮುಂದೆ ನಡೆದು, ಪೊಟೊಮ್ಯಾಕ್ ನದಿಯ ದಡ ಹಿಡಿದು, ಬೆಲ್ಟ್‌ವೇ ರಸ್ತೆ ನದಿ ದಾಟುವ ದೊಡ್ಡ ಸೇತುವೆಯನ್ನು ಹತ್ತಿದರು. ಕಾರುಗಳಿಗೆ ಹನ್ನೆರಡು ಸಾಲು, ನಡೆಯುವವರಿಗೆ ಅಂಚಿನಲ್ಲಿ ಒಂದು. ಗಾಳಿ ಕಿವಿಗೆ ಬಡಿಯುತ್ತಿತ್ತು.

ಸೇತುವೆಯ ಮೇಲೆ ವರ್ಜೀನಿಯಾ ರಾಜ್ಯ ಮುಗಿದು ಆಚಿನ ಸೀಮೆ ಶುರುವಾಗುವಲ್ಲಿ ಗುರುತಿನ ಫಲಕವಿತ್ತು. ನಿಧಿ ಓಡಿಹೋಗಿ ಅದರ ಆಚೆ ನಿಂತಳು, ಈಚೆ ಹಾರಿದಳು, ಮತ್ತೆ ಆಚೆ.

"ಅಮ್ಮಾ, ಲುಕ್! ಇಲ್ಲಿ ಬಾರ್ಡರ್. ಯಾರೂ ಇಲ್ಲ!"

ಅಷ್ಟರಲ್ಲಿ ಮೈಥಿಲಿಯ ವಾಚು ನಡುಗಿತು. ಊರು ಬಂದಿತೇನೋ ಎಂದು ಅಭ್ಯಾಸಬಲದಿಂದ ಕೈಯೆತ್ತಿ ನೋಡಿದಳು. ಡೆಬ್ರಾಳ ಮೇಲ್. ಸೋಮವಾರ ಹತ್ತು ಗಂಟೆಗೆ ಮೀಟಿಂಗ್. ಮ್ಯಾನೇಜರ್ ಬರುತ್ತಾರೆ, ವಕೀಲರೂ ಬರುತ್ತಾರೆ. ಅದರ ಕೆಳಗೆ ಇನ್ನೊಂದು, ಅವಳಿಗೆ ಪರಿಚಯವಿಲ್ಲದ ಮೂರನೇ ಮಹಡಿಯವರು ಯಾರೋ ಬರೆದದ್ದು: ‘ನನ್ನದೂ ನವೆಂಬರಿನಿಂದ ಅಲ್ಲೇ ಇದೆ.’

ತೋಳು ಕೆಳಗಿಳಿಸಿದಳು. ಬದಿಯಲ್ಲಿ ಲಾರಿಗಳು ಸಾಲಾಗಿ ಹಾದವು. ಕಾಲಡಿಯ ಕಾಂಕ್ರೀಟು ಸಣ್ಣಗೆ ನಡುಗಿತು. ಮೈಥಿಲಿ ಕಂಬಿ ಹಿಡಿದು ನಿಂತಳು.

ಫಲಕದ ಆಚೆ ನಿಧಿ ಕೈ ಚಾಚಿದ್ದಳು. "ಬಾ ಅಮ್ಮಾ. ಒನ್ ಸ್ಟೆಪ್."

ಕೆಳಗೆ ಮಂಜುಗಡ್ಡೆಯ ಚೂರೊಂದು ಎರಡೂ ದಡಗಳಿಂದ ದೂರದಲ್ಲಿ, ನದಿಯ ನಟ್ಟನಡುವೆ ತೇಲುತ್ತ ಬಂದು, ಸೇತುವೆಯ ನೆರಳಿನೊಳಗೆ ಹೋಯಿತು.