ಎಡಗೈಯ ಎಳೆ

ಬಲಗೈಯಲ್ಲಿ ಉಣ್ಣುವಾಗಲೂ ಅಪ್ಪನ ಅಕ್ಕ ದೈವಾನೈ ಅತ್ತೆಯ ಎಡಗೈ ಸುಮ್ಮನಿರುತ್ತಿರಲಿಲ್ಲ. ಸೆರಗಿನ ತುದಿಯನ್ನು ಹೊಸೆಯುತ್ತಲೇ ಇರುತ್ತಿತ್ತು. ಅವಳು ಹುಟ್ಟಾ ಎಡಚಿ. ಎಡಗೈಯಲ್ಲಿ ಹೊಸೆದ ಎಳೆಯ ಹುರಿ ತಿರುವುಮುರುವಾಗಿ, ಉಳಿದವರ ಎಳೆಯೊಡನೆ ಕೂಡದೆ ಬಿಚ್ಚಿಕೊಳ್ಳುತ್ತದೆಂದು ತಾಯಿ ಬಾಲ್ಯದಲ್ಲೇ ಆ ಕೈಯನ್ನು ಬೆನ್ನಿಗೆ ಕಟ್ಟಿ ಬಲಗೈಗೆ ವಿದ್ಯೆ ಕಲಿಸಿದ್ದಳಂತೆ. ಕಲಿತ ಕೈ ಮನೆಯ ಚಾಕರಿ ಮಾಡಿತು. ಕಟ್ಟಿಸಿಕೊಂಡ ಕೈ ಸೆರಗಿನೊಡನೆ ತನ್ನ ಪಾಡು ಹೇಳಿಕೊಂಡಿತು.

ಕೊಂಬೈಯ ನಮ್ಮ ಮನೆಯಲ್ಲಿ ದನಗಳ ಹಬ್ಬವಾದ ಮಾಟ್ಟುಪ್ಪೊಂಗಲ್‌ನ ಹಿಂದಿನ ದಿನ ಎತ್ತುಗಳಿಗೆ ಹೊಸ ಕೊರಳಹಗ್ಗ ಹೊಸೆಯುವುದು ಇಡೀ ಕುಟುಂಬದ ಕೆಲಸ. ದಿಂಡಿಗಲ್ಲಿನಲ್ಲಿ ಮೇಷ್ಟ್ರಾಗಿದ್ದ ನಾನು ಅದಕ್ಕೆಂದೇ ಬಸ್ಸು ಹತ್ತುತ್ತಿದ್ದೆ. ನೆನೆಸಿದ ಕತ್ತಾಳೆ ನಾರನ್ನು ಅಂಗಳದ ನಡುವೆ ಹರಡಿದರೆ, ಹಲ್ಲುದುರಿದ ಅಜ್ಜನಿಂದ ಹಲ್ಲು ಮೂಡದ ಕೂಸಿನವರೆಗೆ ಎಲ್ಲರೂ ಸುತ್ತ ಕೂರಬೇಕು. ಕೂಸಿನ ಅಂಗೈಯನ್ನು ನಾರಿನ ಮೇಲೊಮ್ಮೆ ಒತ್ತಿಸಿದರೂ ಸಾಕು, ಅದರ ಪಾಲು ಸಂದಂತೆ. ಒಬ್ಬರು ಹೊಸೆದದ್ದನ್ನು ಇನ್ನೊಬ್ಬರು ಬಿಚ್ಚಕೂಡದೆಂಬುದು ಅತ್ತೆಯ ಶಾಸನ. ಕಣ್ಣುಮುಚ್ಚಿ ಎಳೆ ಸವರಿ ಯಾರ ಕೈಯೆಂದು ಹೇಳಬಲ್ಲವಳು, ನನ್ನ ಗಂಟುಗಂಟಾದ ಎಳೆ ಸಿಕ್ಕಾಗ ‘ಪಾಠ ಹೇಳೋ ಕೈ’ ಎಂದು ನಗುತ್ತಿದ್ದಳೇ ಹೊರತು ಬಿಚ್ಚಿದವಳಲ್ಲ.

ಒಂದು ಹಿಡಿ ನಾರನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಅದು ಅವಳ ಮಗಳು ವಳ್ಳಿಯ ಪಾಲು. ಮನಮೆಚ್ಚಿದವನೊಡನೆ ಚಿನ್ನಮನೂರಿಗೆ ಹೋದ ವಳ್ಳಿ ಮತ್ತೆ ನಮ್ಮ ಹೊಸ್ತಿಲು ತುಳಿಯಕೂಡದೆಂದು ನನ್ನ ಅಪ್ಪ ಗುರುಸಾಮಿ ಅಪ್ಪಣೆ ಮಾಡಿದ್ದ. ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿದ್ದ ಅತ್ತೆ ಎದುರಾಡಲಿಲ್ಲ. ಆರು ವರ್ಷ ಆ ನಾರನ್ನು ಎಲ್ಲರದರೊಡನೆ ನೆನೆಸಿದಳು, ಹಾಗೆಯೇ ಒಣಗಿಸಿ ಎತ್ತಿಟ್ಟಳು. ಬಸ್ಸಿನಲ್ಲಿ ಒಂದು ಗಂಟೆಯ ದಾರಿಯನ್ನು ಅಷ್ಟು ದೂರ ಮಾಡಿದ ನಮ್ಮ ಹಟ ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಅರವತ್ತನಾಲ್ಕರ ಪೊಂಗಲ್‌ಗೆ ಬಾಳೆ ವ್ಯಾಪಾರದ ಪಿಚ್ಚೈ, ವಳ್ಳಿ ಕಳಿಸಿದ್ದೆಂದು ಗೇಣುದ್ದದ ಒಂದು ಎಳೆಯನ್ನು ತಂದುಕೊಟ್ಟ. ಅತ್ತೆ ಬಹಳ ಹೊತ್ತು ಬೆರಳಾಡಿಸಿದಳು.

“ಇದು ವಳ್ಳಿ ಕೈ ಅಲ್ಲ. ಅವಳ ಕೊಳಂದೆದು. ಎಡಗೈ.”

ವಳ್ಳಿಗೆ ಹೆಣ್ಣುಮಗು ಹುಟ್ಟಿದೆಯೆಂಬ ಸುದ್ದಿಯಷ್ಟೇ ನಮಗೆ ಮುಟ್ಟಿತ್ತು, ಆ ಕೊಳಂದೆಯನ್ನು ಯಾರೂ ನೋಡಿರಲಿಲ್ಲ. ಅಪ್ಪ ಎಳೆಯನ್ನು ತಿರುಗಿಸಿ ನೋಡಿ, ಹುರಿ ತಿರುವುಮುರುವು, ಹಗ್ಗಕ್ಕೆ ಕೂಡದು, ಬಿಚ್ಚಿ ಹೊಸೆ ಎಂದ. ಅತ್ತೆ ಎತ್ತಿಟ್ಟ ನಾರನ್ನು ಎಡತೊಡೆಯ ಮೇಲಿಟ್ಟು, ನಮ್ಮೆಲ್ಲರ ಕಣ್ಣೆದುರು, ಎಡಗೈಯಲ್ಲಿ ಹೊಸೆಯತೊಡಗಿದಳು.

“ಬಿಚ್ಚಲಾರೆ ತಂಬಿ. ಇದಕ್ಕೆ ಜೊತೆ ನಾನಿದೀನಿ.”

ಎರಡೂ ಎಳೆ ಒಂದನ್ನೊಂದು ಬಿಗಿದು ಹಗ್ಗವಾದವು. ಅದು ಎತ್ತಿನ ಕೊರಳಿಗೆ ಸಾಲದು, ಕರುವಿನ ಕಾಲಿಗೂ ಸಾಲದು. ಅದನ್ನು ಅತ್ತೆ ತನ್ನ ಎಡಗೈಯ ಮಣಿಕಟ್ಟಿಗೇ ಕಟ್ಟಿಕೊಂಡಳು. ಆಮೇಲೆ ಆ ಕೈ ಸೆರಗನ್ನು ಹೊಸೆದದ್ದನ್ನು ನಾನು ಕಾಣೆ.

ಮೊಮ್ಮಗಳನ್ನು ಅವಳು ನೋಡಲೇ ಇಲ್ಲ. ಮರುವರ್ಷದ ನಾರು ನೆನೆಸುವ ಹೊತ್ತಿಗೆ ಅವಳಿರಲಿಲ್ಲ. ಅಂದು ಅಪ್ಪನೇ ನಾರನ್ನು ಹಂಚಿದ. ಹಂಚಿ ಮುಗಿದ ಮೇಲೆ ಒಂದು ಹಿಡಿಯನ್ನು ಪಕ್ಕಕ್ಕಿಟ್ಟ.

ಕೆಲವರು ಹೀಗಿರುತ್ತಾರೆ: ಹೋದವರನ್ನು ಕರೆತರುವ ಬಲ ಅವರಿಗಿರುವುದಿಲ್ಲ, ಬಾಗಿಲು ತೆರೆಯುವ ಅಧಿಕಾರವೂ ಇರುವುದಿಲ್ಲ. ಹೋದವರ ಪಾಲನ್ನು ಎತ್ತಿಡುವುದಷ್ಟೇ ಅವರ ಕೆಲಸ. ಅಂಥವರಿರುವ ತನಕ ಮನೆಯಿಂದ ಯಾರೂ ಪೂರ್ತಿಯಾಗಿ ಹೋಗಿರುವುದಿಲ್ಲ.