ಒಂದೂ ಮೂಳೆ ಬೇಡ

ನಾರಿನ್ ಊರಿನ ಹೈಸ್ಕೂಲಿನಲ್ಲಿ ಟೀಚರು ಬುರುಲ್, ಮಕ್ಕಳ ಬಾಯಲ್ಲಿ 'ಎಜೆ' ಎಂದರೆ ಅಕ್ಕ, ತಾವು ಪೆನ್ನು ಮುಟ್ಟುತ್ತಿರಲಿಲ್ಲ. ಮಕ್ಕಳ ಪ್ರಬಂಧವನ್ನು ಮಕ್ಕಳೇ ತಿದ್ದುವ ಆಟ ಕಟ್ಟಿದ್ದರು. ಒಂದು ತಪ್ಪು ತೋರಿಸಿದರೆ ಅಲ್ಲಿನ ಮಕ್ಕಳು ಗೋಲಿಯಂತೆ ಆಡುವ ಕುರಿಯ ಕೀಲುಮೂಳೆ, ಬುಟ್ಟಿಯಿಂದ ಒಂದು ನಿಮ್ಮದು.

ಹೋದ ವಾರ ಐಜಿರೆಕ್ ಅಜ್ಜಿಯ ಸಾವಿನ ಬಗ್ಗೆ ಬರೆದಿದ್ದಳು. ಸಹಪಾಠಿ ತಿಲೆಕ್ ಅದನ್ನು ಎದ್ದು ನಿಂತು ಓದಿ, ತಪ್ಪಿನ ಮೇಲೆ ತಪ್ಪು ತೋರಿಸಿ, "ಇದನ್ನ ಕೇಳಿದ್ರೆ ಸತ್ತ ಅಜ್ಜೀನೂ ಆಕಳಿಸ್ತಾಳೆ ಕಣೇ!" ಎಂದು ತರಗತಿಯನ್ನೆಲ್ಲ ನಗಿಸಿ, ಕೈತುಂಬ ಮೂಳೆ ಬಾಚಿಕೊಂಡಿದ್ದ.

ಈ ವಾರ ಅವನ ಹಾಳೆ ಅವಳ ಕೈಗೆ ಸಿಕ್ಕಿತು. ಜಿಲ್ಲಾ ಸ್ಪರ್ಧೆಯಲ್ಲಿ ಓದುವ ಪ್ರಬಂಧ. ಮೊದಲ ಪುಟದಲ್ಲಿ ಸತ್ತ ಕುದುರೆ ಮೂರನೆಯ ಪುಟದಲ್ಲಿ ಪಂದ್ಯ ಗೆದ್ದಿತ್ತು. ಅವಳು ಹಲ್ಲು ಕಚ್ಚಿ ನಗು ತಡೆದು, "ಅದ್ಭುತ. ಒಂದಕ್ಷರವನ್ನೂ ಮುಟ್ಟಬೇಡ" ಎಂದು ಬರೆದಳು.

"ಒಂದೂ ಮೂಳೆ ಬೇಡ್ವೇನೇ?" ಎಂದರು ಟೀಚರು.

"ಬೇಡ ಎಜೆ. ತಪ್ಪೇ ಇಲ್ವಲ್ಲ!"

ಸ್ಪರ್ಧೆಯ ದಿನ ತಿಲೆಕ್ ಮೂರನೆಯ ಪುಟ ಓದುತ್ತಿದ್ದಂತೆ ಸಭಾಂಗಣ ಗೊಳ್ಳೆಂದು ನಕ್ಕಿತು. ಐಜಿರೆಕ್‌ಳ ಹೊಟ್ಟೆ ತಣ್ಣಗಾಯಿತು.

ಮುಂದಿನ ಸ್ಪರ್ಧೆಗೆ ಓದುವ ಸರದಿ ಅವಳದು. ಅವಳ ಪ್ರಬಂಧ ತಿದ್ದಲು ತಿಲೆಕ್‌ಗೆ ಹೋಯಿತು. ಅವನು ನಿಧಾನವಾಗಿ ಓದಿದ, ಒಂದು ಕಡೆ ತುಟಿಯಂಚಿನಲ್ಲಿ ನಕ್ಕ, ಬುಟ್ಟಿಯತ್ತ ತಿರುಗಿಯೂ ನೋಡದೆ ಹಾಳೆ ಹಿಂದಿರುಗಿಸಿದ. ಕೆಳಗೆ ದುಂಡಗೆ ಬರೆದಿತ್ತು: "ಅದ್ಭುತ. ಒಂದಕ್ಷರವನ್ನೂ ಮುಟ್ಟಬೇಡ."

ಐಜಿರೆಕ್ ಬೆವರುತ್ತ ಮತ್ತೆ ಮೊದಲಿನಿಂದ ಓದಿದಳು. ಅವನು ನಕ್ಕಿದ್ದು ಎಲ್ಲಿ ಎಂಬುದು ಮಾತ್ರ ಅವಳಿಗೆ ಕಾಣಲೇ ಇಲ್ಲ.