ಆವಲಪ್ಪ ಹತ್ತಿದ ಏರಿ

ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದರೆ ಶ್ಯಾಮಲಮ್ಮ ಒಳಗೆ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. ಗಂಡ ಹೋದ ದಿನವೂ ಇದೇನು ಎಂದು ಯಾರೋ ಗೊಣಗಿದರು. ಹಸಿದ ಹುಳುವಿಗೆ ಸೂತಕ ಎಲ್ಲಿಯದು ಎಂದು ಆಕೆ ಕೈ ನಿಲ್ಲಿಸಲಿಲ್ಲ.

ಆವಲಪ್ಪ ಬೆಳಿಗ್ಗೆ ಎಂದಿನಂತೆ ಕೆರೆ ಏರಿ ಹತ್ತಿಳಿದು ಬಂದು, ಜಗಲಿ ಮೇಲೆ ಕೂತು ನೀರು ಕೇಳಿದ್ದರು. ಚೊಂಬು ತರುವಷ್ಟರಲ್ಲಿ ಉಸಿರು ನಿಂತಿತ್ತು.

ಚಿಂತಾಮಣಿಯಿಂದ ಬಂದ ಮೈದುನ ಕೊಂಡಪ್ಪ ಬಾಗಿಲಲ್ಲೇ ನಿಂತ.

"ಹಾರ್ಟ್ ಪೇಷೆಂಟು ಅತ್ತಿಗೆ. ದಿನಾ ಏರಿ ಹತ್ತಿಸ್ತಿದ್ರಲ್ಲ, ಅದೇ ತಿಂದಾಕ್ತು ನಮ್ಮಣ್ಣನ್ನ."

ಚೊಂಬು ಕೈಲಿ ಹಿಡಿದು ನಿಂತಾಗಿನಿಂದ ಶ್ಯಾಮಲಮ್ಮನೂ ಅದನ್ನೇ ಕೇಳಿಕೊಳ್ಳುತ್ತಿದ್ದರು: ನಾನೇ ನಡೆಸಿ ನಡೆಸಿ ಕೊಂದೆನೇ?

*

ಹನ್ನೊಂದು ವರ್ಷದ ಹಿಂದೆ ಹೃದಯಾಘಾತವಾಗಿ, ಚಿಕ್ಕಬಳ್ಳಾಪುರದ ಆಸ್ಪತ್ರೆಯಿಂದ ಆವಲಪ್ಪ ತಮ್ಮೂರು ಸಾದಲಿಗೆ ಮರಳಿದಾಗ ಶ್ಯಾಮಲಮ್ಮನಿಗೆ ಗೊತ್ತಿದ್ದದ್ದು ಹುಳುವಿನ ಆರೈಕೆಯೊಂದೇ. ಪೊರೆ ಕಳಚುವ ಮುಂಚೆ ಹುಳು ತಲೆಯೆತ್ತಿ ಅಲ್ಲಾಡದೆ ಕೂರುವುದನ್ನು ಜ್ವರ ಅನ್ನುತ್ತಾರೆ. ಆಗ ಮುಟ್ಟಬಾರದು, ಕದಲಿಸಬಾರದು. ಗಂಡನನ್ನೂ ಹಾಗೇ ಮೂರು ತಿಂಗಳು ಮಂಚದ ಮೇಲಿಟ್ಟರು. ಕೊನೆಗೆ ಬಚ್ಚಲಿಗೆ ಹೋಗಿ ಬಂದರೂ ಆತನಿಗೆ ಏದುಸಿರು.

ಆಸ್ಪತ್ರೆಯ ಡಾಕ್ಟರಮ್ಮ ಇದನ್ನು ಕೇಳಿ ನಕ್ಕರು, ಆಮೇಲೆ ಗದರಿದರು.

"ಹುಳಕ್ಕೆ ಸರಿ ಕಣಮ್ಮ, ಹೃದಯಕ್ಕಲ್ಲ. ಅದಕ್ಕೂ ಕೆಲಸ ಬೇಕು, ನಿಧಾನಕ್ಕೆ. ಎದೆ ನೋವು ಬಂದ್ರೆ ನಿಲ್ಲಿಸ್ಬಿಡಿ. ಮಾತ್ರೆ ಬಿಡಬೇಡಿ."

ಮೊದಲ ದಿನ ನಡೆದದ್ದು ಎದುರು ಮನೆಯ ತನಕ. ವಾರ ಕಳೆದು ಗಂಗಮ್ಮನ ಗುಡಿ. ಸಂಕ್ರಾಂತಿಗೆ ಏರಿಯ ಬುಡ. ಯುಗಾದಿಯ ಬೆಳಿಗ್ಗೆ ಗಂಡ ಹೆಂಡತಿ ಏರಿಯ ಮೇಲಿದ್ದರು. ಆವಲಪ್ಪ ತುಂಬಿದ ಕೆರೆಗೆ ಕೈಮುಗಿದು, ತಮ್ಮ ಉಸಿರನ್ನು ತಾವೇ ಆಲಿಸುತ್ತ ನಿಂತುಬಿಟ್ಟರು.

*

ಸುಡುಗಾಡು ಕೆರೆಯಾಚೆ. ಹೆಂಗಸರು ಏರಿಯವರೆಗೆ ಹೋಗುವುದು ವಾಡಿಕೆ. ಅಣ್ಣನಿಗೆ ಮಕ್ಕಳಿಲ್ಲದ್ದರಿಂದ ಕೆಂಡದ ಮಡಕೆ ಹಿಡಿದು ಕೊಂಡಪ್ಪನೇ ಮುಂದೆ ನಡೆದ. ಏರಿಯ ಅರ್ಧಕ್ಕೆ ಅವನ ಕಾಲು ಸೋತಿತು. ಬೆಂಕಿ ಹಿಡಿದವನನ್ನು ಹೆಣ ದಾಟುವಂತಿಲ್ಲ. ಹಿಂದಿನವರು ಚಟ್ಟ ಇಳಿಸಿದರು. ಕೊಂಡಪ್ಪ ಮಡಕೆಯನ್ನು ಕೆಳಗಿಟ್ಟು ಎದೆ ಒತ್ತಿಕೊಂಡ. ಅವನು ಅಣ್ಣನಿಗಿಂತ ಹದಿನೈದು ವರ್ಷ ಚಿಕ್ಕವನು.

ಶ್ಯಾಮಲಮ್ಮ ಹತ್ತಿ ಬಂದು ಪಕ್ಕದಲ್ಲಿ ನಿಂತರು.

"ಇದನ್ನ... ದಿನಾ ಹತ್ತುತಿದ್ನಾ ಅಣ್ಣ?"

"ದಿನಾ. ಒಂದು ಕಡೆನೂ ನಿಲ್ತಿರಲಿಲ್ಲ ಕಣಪ್ಪ. ನನ್ ಜೊತೆ ಮಾತಾಡ್ಕೊಂಡೇ ಹತ್ತೋರು."

ಹೇಳುತ್ತಲೇ ಆಕೆಗೆ ತಮ್ಮ ಬೆಳಗಿನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಕೊಂಡಪ್ಪ ಏರಿಯ ತುದಿ ನೋಡಿದ. ಅಣ್ಣನ ಮುಖ ನೋಡಿದ. ಆಮೇಲೆ ಡವಗುಟ್ಟುತ್ತಿದ್ದ ತನ್ನ ಎದೆಯಿಂದ ಕೈ ತೆಗೆದು, ಹೂವಿನ ಹಾರ ಸರಿಸಿ, ಅಣ್ಣನ ಎದೆಯ ಮೇಲಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ.